ಕಣ್ಣಿಲ್ಲದಿದ್ದರೇನು, ಬೆರಳಿದೆಯಲ್ಲ!

2023ರ ಮೇ 10, ವಿಧಾನಸಭೆ ಚುನಾವಣೆ ದಿನ. ಚಿಕ್ಕಪ್ಪನ ಕೈ ಹಿಡ್ಕೊಂಡು ಮತಗಟ್ಟೆಗೆ ಹೋಗಿದ್ದೆ. ಅವರಿಗೆ ಕಣ್ಣು ಕಾಣಿಸೋದಿಲ್ಲ. ಶಾಯಿ ಹಚ್ಚಿದ ಸಿಬ್ಬಂದಿ ನನ್ನ ಕಡೆ ತಿರುಗಿ, "ಇವರ ಓಟು ನೀವೇ ಒತ್ತಿಬಿಡಿ ಮೇಡಂ, ಬೇಗ ಆಗುತ್ತೆ" ಅಂದರು. ಹಿಂದೆ ಉದ್ದ ಕ್ಯೂ. ನಾನೂ ಹೂಂ ಅನ್ನೋದರಲ್ಲಿದ್ದೆ.

ಚಿಕ್ಕಪ್ಪ ಬಿಡಲಿಲ್ಲ. "ಕಣ್ಣಿಲ್ಲ ಸ್ವಾಮಿ, ಬೆರಳಿದೆ. ಬ್ರೈಲ್ ಪಟ್ಟಿ ಕೊಡಿ" ಅಂದರು. ಹುಡುಕಿದ ಮೇಲೆ ಪಟ್ಟಿ ಸಿಕ್ಕಿತು. ಓದಿ, ಅಭ್ಯರ್ಥಿಯ ಕ್ರಮಸಂಖ್ಯೆ ನೆನಪಿಟ್ಟುಕೊಂಡರು. ಮತಯಂತ್ರದ ಗುಂಡಿಗಳ ಪಕ್ಕದಲ್ಲೂ ಬ್ರೈಲ್ ಅಂಕಿ ಇರುತ್ತೆ ಅನ್ನೋದು ನನಗೆ ಅವತ್ತೇ ಗೊತ್ತಾಗಿದ್ದು. ಒಬ್ಬರೇ ಹೋದರು. ಬೀಪ್ ಕೇಳಿಸಿತು.

ಸಹಾಯ ಬೇಕಾದವರು 18 ತುಂಬಿದ ಒಬ್ಬರನ್ನು ಜೊತೆಗೆ ಕರೆದೊಯ್ಯಲು ನಿಯಮ 49ಎನ್ ಅವಕಾಶ ಕೊಡುತ್ತೆ. ಆದರೆ ಅದು ಮತದಾರರ ಅನುಕೂಲಕ್ಕೆ, ನಮ್ಮ ಅವಸರಕ್ಕಲ್ಲ.

ನಿಮ್ಮ ಮನೆಯಲ್ಲೂ ಇಂಥವರಿದ್ದರೆ ಮೊದಲೇ ತಯಾರಾಗಿ. ಗಾಲಿಕುರ್ಚಿ ಬೇಕಿದ್ದರೆ ಚುನಾವಣಾ ಆಯೋಗದ ಆ್ಯಪ್‌ನಲ್ಲಿ ಕೇಳಬಹುದು. ಅಂಗವೈಕಲ್ಯ ಶೇ 40 ಅಥವಾ ಹೆಚ್ಚಿದ್ದರೆ ಮನೆಯಿಂದಲೇ ಮತ ಹಾಕಬಹುದು. ಅದಕ್ಕೆ ಅಧಿಸೂಚನೆ ಬಂದ 5 ದಿನದೊಳಗೆ 12ಡಿ ಅರ್ಜಿ ಕೊಡಬೇಕು. ಮರೆತರೆ ಅವಕಾಶ ಹೋಯ್ತು.

ವಾಪಸ್ ಬರುವಾಗ, "ಯಾರಿಗೆ ಹಾಕಿದ್ರಿ ಚಿಕ್ಕಪ್ಪ?" ಅಂತ ಕೇಳಿದೆ.

"ಇಷ್ಟು ವರ್ಷ ನಿಮ್ಮ ಚಿಕ್ಕಮ್ಮಂಗೆ ಗೊತ್ತಿರ್ತಿತ್ತು. ಇವತ್ತು ಯಾರಿಗೂ ಹೇಳಲ್ಲ ಕಣಮ್ಮ" ಅಂತ ನಕ್ಕರು.