ಗಾಲಿಕುರ್ಚಿಯ ನಟ್ಟಿಗೂ ಲೆಕ್ಕ ಬೇಕು



ಅಂಗವಿಕಲರಿಗೆ ಗಾಲಿಕುರ್ಚಿ ವಿತರಿಸಿದ ಸುದ್ದಿ ಆಗಾಗ ಓದುತ್ತೇವೆ. ಆರು ತಿಂಗಳಲ್ಲಿ ಅದರ ಮುಂಗಾಲಿ ಸಡಿಲಾದದ್ದು ಮಾತ್ರ ಸುದ್ದಿಯಾಗುವುದಿಲ್ಲ.

ಪುಣೆಯ ಭೋಸರಿ, ಚಾಕಣ ಕಡೆ ವಾಹನ ಬಿಡಿಭಾಗಗಳ ಜೋಡಣೆಯಲ್ಲಿ ದುಡಿದವನಾಗಿ ಒಂದು ಮಾತು. ಈಗ ಹಲವು ಕಾರ್ಖಾನೆಗಳಲ್ಲಿ ಕಾರ್ಮಿಕನ ಎದುರೇ ಪರದೆ ಇರುತ್ತದೆ. ಯಾವ ಬೋಲ್ಟ್, ಯಾವ ವಾಷರ್, ಎಷ್ಟು ಬಿಗಿ ಎಂಬುದನ್ನು ಚಿತ್ರ ಸಮೇತ ತೋರಿಸುತ್ತದೆ. ಟಾರ್ಕ್ ವ್ರೆಂಚ್ ನಿಗದಿತ ಬಿಗಿ ಮುಟ್ಟದಿದ್ದರೆ ಮುಂದಿನ ಹಂತ ತೆರೆಯುವುದೇ ಇಲ್ಲ. ವಿನ್ಯಾಸ ಬದಲಾದರೂ ಹಳೆಯ ಹಾಳೆ ಗೋಡೆಯ ಮೇಲೆ ನೇತಾಡುವ ಪ್ರಮೇಯವಿಲ್ಲ. ಕಲಬುರಗಿ, ವಿಜಯಪುರದಿಂದ ಬಂದ ಹುಡುಗರಿಗೆ ಕನ್ನಡದಲ್ಲೇ ಸೂಚನೆ ಕೊಡಬಹುದು (ಕೊಡುವವರು ಕಡಿಮೆ, ಅದು ಬೇರೆ ಮಾತು).

ಗಾಲಿಕುರ್ಚಿಗೆ ಇಷ್ಟೆಲ್ಲ ಯಾಕೆ ಎನ್ನಬೇಡಿ. ಐಎಸ್ಒ 7176 ಮಾನಕದ ಬಾಳಿಕೆ ಪರೀಕ್ಷೆಯಲ್ಲಿ ಕುರ್ಚಿಯನ್ನು ಉರುಳೆಗಳ ಮೇಲೆ 2 ಲಕ್ಷ ಸುತ್ತು ಓಡಿಸಿ, 6,666 ಬಾರಿ ಎತ್ತಿ ಬೀಳಿಸುತ್ತಾರೆ. ಆದರೆ ಪರೀಕ್ಷೆಗೆ ಹೋಗುವುದು ಮಾದರಿ ಮಾತ್ರ. ಮನೆಗೆ ಬರುವುದು ಪಾಳಿ ಮುಗಿಯುವ ಹೊತ್ತಿಗೆ ಗಡಿಬಿಡಿಯಲ್ಲಿ ಜೋಡಿಸಿದ್ದೂ ಆಗಿರಬಹುದು. 1944ರಿಂದ ಪುಣೆಯಲ್ಲಿರುವ ಸೇನೆಯ ಕೃತಕ ಅಂಗ ಕೇಂದ್ರದಂಥ ಕಡೆ ಒಬ್ಬೊಬ್ಬರ ಅಳತೆಗೆ ಕಾಲು ಕೂಡಿಸುವಾಗ ಪಳಗಿದ ಕಣ್ಣು ಕಾಯುತ್ತದೆ. ಸಾವಿರಗಟ್ಟಲೆ ಕುರ್ಚಿ ಹೊರಬೀಳುವ ಕಡೆ ಇಂಥ ಪರದೆ ಉಳಿಸುವ ಜೋಡಣೆಯ ದಾಖಲೆಯೇ ಕಾಯಬೇಕು.

1981ರಿಂದ ಜಾರಿಯಲ್ಲಿರುವ ಕೇಂದ್ರ ಸರ್ಕಾರದ ಎಡಿಪ್ (ಅಂಗವಿಕಲರಿಗೆ ನೆರವು) ಯೋಜನೆಗಾಗಲಿ, ರಾಜ್ಯಗಳ ವಿತರಣೆಗಾಗಲಿ ಸಲಕರಣೆ ಕೊಳ್ಳುವ ಅಧಿಕಾರಿಗಳು ಪ್ರತಿ ಕುರ್ಚಿಯ ಕ್ರಮಸಂಖ್ಯೆಯೊಂದಿಗೆ ಅದರ ಜೋಡಣೆಯ ದಾಖಲೆಯನ್ನೂ ಕೇಳಲಿ. ಟೆಂಡರಿನಲ್ಲಿ ದರದ ಪಕ್ಕ ಅದಕ್ಕೂ ಒಂದು ಸಾಲು ಇರಲಿ.

– ಒಬ್ಬ ಓದುಗ, ಭೋಸರಿ, ಪುಣೆ