ಹಾಲ್‌ನ ಟಿವಿ ನಮ್ಮದು, ಬಾಗಿಲು ಯಾರದು?

2025ರ ಸೆಪ್ಟೆಂಬರ್ 22ರಿಂದ 32 ಇಂಚಿಗಿಂತ ದೊಡ್ಡ ಟಿವಿಗಳ ಮೇಲಿನ ಜಿಎಸ್‌ಟಿ ಶೇ. 28ರಿಂದ ಶೇ. 18ಕ್ಕೆ ಇಳಿದಿದೆ. 32 ಇಂಚಿನವರೆಗಿನ ಟಿವಿಗೆ ಮೊದಲೇ ಶೇ. 18 ಇತ್ತು. ಹಾಗಾಗಿ ಚಿಕ್ಕದು ಸಾಕು ಎನ್ನುತ್ತಿದ್ದ ಮನೆಗಳೂ ಈಗ 43 ಇಂಚಿನ ಕಡೆ ಕಣ್ಣು ಹಾಯಿಸುತ್ತಿವೆ. ಅಂಗಡಿಗೆ ಹೋದಾಗ ನಾವು ಕೇಳುವುದು ಮೂರೇ ಪ್ರಶ್ನೆ. ಎಷ್ಟು ಇಂಚು, ಎಷ್ಟು ರೂಪಾಯಿ, ಕಂತು ಇದೆಯಾ? ಇದರೊಳಗೆ ಯೂಟ್ಯೂಬ್ ಎಷ್ಟು ವರ್ಷ ಓಡುತ್ತದೆ, ಅದನ್ನು ಓಡಿಸುವವರು ಯಾರು, ನಿಲ್ಲಿಸುವ ಅಧಿಕಾರ ಯಾರ ಕೈಯಲ್ಲಿದೆ ಎಂದು ಯಾರೂ ಕೇಳುವುದಿಲ್ಲ. ಅಂಗಡಿಯವರೂ ಹೇಳುವುದಿಲ್ಲ, ಪಾಪ, ಅವರಿಗೂ ಗೊತ್ತಿರುವುದಿಲ್ಲ.

ನಾವು ಈಗ ಇರುವುದು ಕರಾವಳಿಯಿಂದ ದೂರ, ಘಟಪ್ರಭಾ ನದಿಗೆ ಕಟ್ಟಿದ ಹಿಡಕಲ್ ಡ್ಯಾಮ್‌ನ ಊರಿನಲ್ಲಿ. ಹುಕ್ಕೇರಿ, ಗೋಕಾಕ, ಮೂಡಲಗಿ ಎಲ್ಲ ಇಲ್ಲಿಯ ಅಕ್ಕಪಕ್ಕ. ಇಲ್ಲಿಯೂ ಟಿವಿಯ ಕತೆ ಮಂಗಳೂರು, ಬಂಟ್ವಾಳದ ಮನೆಗಳ ಕತೆಗಿಂತ ಬೇರೆಯೇನಲ್ಲ. ಮಾಳಿಗೆಯ ಮೇಲೆ ಡಿಶ್ ಇದೆ, ಆದರೆ ರೀಚಾರ್ಜ್ ಇಲ್ಲ. ಕೆಳಗೆ ಟಿವಿಯ ಬೆನ್ನಿಗೆ ಬೆರಳುದ್ದದ ಒಂದು ಸ್ಟಿಕ್ ಚುಚ್ಚಿದೆ. ಗಡಿಭಾಗವಾದ ಕಾರಣ ಒಂದೇ ಸಂಜೆಯಲ್ಲಿ ಒಂದೇ ಪರದೆಯ ಮೇಲೆ ಕನ್ನಡ, ಮರಾಠಿ, ಉರ್ದು ಮೂರೂ ಓಡುತ್ತವೆ. ಕೇಬಲ್ ಇದ್ದ ಕಾಲದಲ್ಲಿ ಇದಕ್ಕೆ ಮೂರು ಪ್ಯಾಕೇಜ್ ಬೇಕಾಗುತ್ತಿತ್ತು.

ಆನ್‌ಲೈನ್ ವಿಡಿಯೊ ಟಿವಿಗೆ ಬರುವ ದಾರಿಗಳು ಕೆಲವೇ. ಟಿವಿಯೊಳಗೇ ಕುಳಿತ ಆಪ್ ಒಂದು. ಹೊರಗಿನಿಂದ ಚುಚ್ಚುವ ಸ್ಟಿಕ್ ಅಥವಾ ಬಾಕ್ಸ್ ಇನ್ನೊಂದು. ಇಂಟರ್ನೆಟ್ ಕಂಪೆನಿ ಕೊಡುವ ಸೆಟ್‌ಟಾಪ್ ಬಾಕ್ಸ್ ಕೂಡ ಇದೇ ಜಾತಿ. ಮಕ್ಕಳ ಆಟದ ಯಂತ್ರದಿಂದಲೂ ಬರುತ್ತದೆ. ಯೂಟ್ಯೂಬ್ 2009ರಲ್ಲಿ ಟಿವಿ ಪರದೆಗೆಂದೇ ತನ್ನ ಪುಟ ಮಾಡಿದಾಗ ಮೊದಲು ಹೊಕ್ಕಿದ್ದು ಪ್ಲೇಸ್ಟೇಷನ್ 3 ಮತ್ತು ನಿಂಟೆಂಡೊ ವೀ ಎಂಬ ಆಟದ ಯಂತ್ರಗಳಿಗೆ. ಮತ್ತೊಂದು ದಾರಿ ಮೊಬೈಲ್‌ನಿಂದ ಕಾಸ್ಟ್ ಮಾಡುವುದು. ಇಲ್ಲಿ ಹೆಚ್ಚಿನವರಿಗೆ ಒಂದು ತಪ್ಪು ತಿಳಿವಳಿಕೆ ಇದೆ. ಮೊಬೈಲ್‌ನಿಂದ ವಿಡಿಯೊ ಟಿವಿಗೆ ಹಾರಿ ಹೋಗುತ್ತದೆ ಎಂದುಕೊಂಡಿದ್ದಾರೆ. ಹಾಗಲ್ಲ. ಮೊಬೈಲ್ 'ಈ ವಿಡಿಯೊ ಹಾಕು' ಎಂದು ಹೇಳುತ್ತದೆ ಅಷ್ಟೇ. ವಿಡಿಯೊವನ್ನು ಇಂಟರ್ನೆಟ್‌ನಿಂದ ಎಳೆಯುವುದು ಟಿವಿ ಅಥವಾ ಆ ಸ್ಟಿಕ್ಕೇ. ಆದ್ದರಿಂದ ಯಾವ ದಾರಿ ಹಿಡಿದರೂ ಕೊನೆಗೆ ಆ ಯಂತ್ರದೊಳಗಿನ ಸಾಫ್ಟ್‌ವೇರ್ ಮತ್ತು ವಿಡಿಯೊ ಕಂಪೆನಿಯ ನಡುವೆ ಸಂಬಂಧ ಸರಿ ಇರಬೇಕು. ಅದು ಕೆಟ್ಟರೆ ಟಿವಿ ಹೊಸದಿದ್ದರೂ ಪ್ರಯೋಜನ ಇಲ್ಲ.

ಎಂಬತ್ತರ ದಶಕದಲ್ಲಿ ಗಲ್ಫ್‌ನಿಂದ ಬಂದವರು ವಿಸಿಆರ್ ತರುತ್ತಿದ್ದರು. ಅದನ್ನು ತಂದ ಮೇಲೆ ಅದು ಮನೆಯದ್ದು. ಕ್ಯಾಸೆಟ್ ಇದ್ದರೆ, ಕರೆಂಟ್ ಇದ್ದರೆ ಓಡುತ್ತದೆ. ಜಪಾನಿನ ಕಂಪೆನಿ ಬಾಗಿಲು ಹಾಕಿದರೂ ಓಡುತ್ತದೆ. ಈಗಿನ ಯಂತ್ರಗಳು ಹಾಗಲ್ಲ. 2015ರ ಏಪ್ರಿಲ್‌ನಲ್ಲಿ ಯೂಟ್ಯೂಬ್ ತನ್ನ ಹಳೆಯ ತಾಂತ್ರಿಕ ಸಂಪರ್ಕವೊಂದನ್ನು ಮುಚ್ಚಿತು. ಅದನ್ನೇ ನಂಬಿದ್ದ, 2012ರ ಹಿಂದಿನ ಎಷ್ಟೋ ಸ್ಮಾರ್ಟ್ ಟಿವಿಗಳಲ್ಲಿ, ಬ್ಲೂರೇ ಪ್ಲೇಯರ್‌ಗಳಲ್ಲಿ ಯೂಟ್ಯೂಬ್ ಆಪ್ ಸತ್ತುಹೋಯಿತು. ಮೂರ್ನಾಲ್ಕು ವರ್ಷದ ಟಿವಿ ಅದು! 2019ರ ಡಿಸೆಂಬರ್‌ನಲ್ಲಿ ನೆಟ್‌ಫ್ಲಿಕ್ಸ್ 2010 ಮತ್ತು 2011ರ ಕೆಲವು ಸ್ಯಾಮ್‌ಸಂಗ್ ಟಿವಿಗಳನ್ನು ಕೈಬಿಟ್ಟಿತು. ಇವೆಲ್ಲ ಹಳೆಯದಾದ್ದಕ್ಕೆ ಆದದ್ದು ಎನ್ನೋಣ. ಆದರೆ ಗೂಗಲ್ ಮತ್ತು ಅಮೆಜಾನ್ ಜಗಳಕ್ಕೆ ಹಳೆತನದ ನೆಪವೂ ಇರಲಿಲ್ಲ. ಅಮೆಜಾನ್‌ನ ಫೈರ್ ಟಿವಿ ಸ್ಟಿಕ್ ಭಾರತಕ್ಕೆ ಬಂದದ್ದು 2017ರ ಏಪ್ರಿಲ್‌ನಲ್ಲಿ, 3,999 ರೂಪಾಯಿಗೆ. ಅದೇ ವರ್ಷದ ಡಿಸೆಂಬರ್‌ನಲ್ಲಿ ಗೂಗಲ್ ಫೈರ್ ಟಿವಿಯಿಂದ ಯೂಟ್ಯೂಬ್ ಆಪ್ ವಾಪಸ್ ತೆಗೆಯುವುದಾಗಿ ಹೇಳಿತು. ತನ್ನ ಸಾಮಾನುಗಳನ್ನು ಅಮೆಜಾನ್ ಮಾರುವುದಿಲ್ಲ ಎಂಬುದು ಗೂಗಲ್‌ನ ದೂರು. ಎರಡು ಆನೆಗಳ ಜಗಳ. 2019ರ ಜುಲೈಯಲ್ಲಿ ರಾಜಿಯಾಗಿ ಆಪ್ ಮರಳುವವರೆಗೆ ಗ್ರಾಹಕರು ಬ್ರೌಸರ್‌ನಲ್ಲಿ ಹುಡುಕಿಕೊಂಡು ನೋಡಬೇಕಾಯಿತು.

ಇನ್ನೊಂದು ಘಟನೆ ತೀರಾ ಇತ್ತೀಚಿನದು. 2025ರ ಮಾರ್ಚ್ 9ರಂದು ಗೂಗಲ್‌ನ ಎರಡನೇ ತಲೆಮಾರಿನ ಕ್ರೋಮ್‌ಕಾಸ್ಟ್‌ಗಳು ಜಗತ್ತಿನಾದ್ಯಂತ ಒಟ್ಟಿಗೇ ಮುಷ್ಕರ ಹೂಡಿದವು. ಕಾರಣ, ಅವುಗಳ ಗುರುತುಪತ್ರದ ಅವಧಿ ಮುಗಿದಿತ್ತು. 2015ರಲ್ಲಿ ಬಂದ ಯಂತ್ರಕ್ಕೆ ಹತ್ತು ವರ್ಷದ ಪತ್ರ ಕೊಟ್ಟಿದ್ದರು, ನವೀಕರಿಸಲು ಯಾರಿಗೂ ನೆನಪಿರಲಿಲ್ಲ. ಕೆಲವು ದಿನಗಳಲ್ಲಿ ಗೂಗಲ್ ಸರಿಪಡಿಸಿತು. ಆದರೆ ಸರಿಪಡಿಸದಿದ್ದರೆ? ನಮ್ಮ ಕೈಯಲ್ಲಿರುವುದು ಪ್ಲಾಸ್ಟಿಕ್ ತುಂಡು.

ಈ ಹಿನ್ನೆಲೆಯಲ್ಲಿ 2025ರ ಏಪ್ರಿಲ್‌ನಲ್ಲಿ ಭಾರತೀಯ ಸ್ಪರ್ಧಾ ಆಯೋಗ ಮುಗಿಸಿದ ಆಂಡ್ರಾಯ್ಡ್ ಟಿವಿ ಪ್ರಕರಣವನ್ನು ನೋಡಬೇಕು. ಪತ್ರಿಕೆಗಳ ವಾಣಿಜ್ಯ ಪುಟದಲ್ಲಿ ಬಂದು ಹೋಯಿತು, ಮನೆಗಳಲ್ಲಿ ಚರ್ಚೆಯಾಗಲಿಲ್ಲ. ಟಿವಿ ತಯಾರಕರಿಗೆ ಗೂಗಲ್‌ನ ಪ್ಲೇ ಸ್ಟೋರ್ ಬೇಕಿದ್ದರೆ ಗೂಗಲ್‌ನ ಉಳಿದ ಆಪ್‌ಗಳನ್ನೂ ಸೇರಿಸಿ ಇಡೀ ಕಟ್ಟನ್ನೇ ಹಾಕಬೇಕು, ಆಂಡ್ರಾಯ್ಡನ್ನು ಬದಲಿಸಿ ಮಾಡಿದ ಬೇರೆ ವ್ಯವಸ್ಥೆಯ ಯಂತ್ರಗಳನ್ನು ತಯಾರಿಸಬಾರದು ಎಂಬ ಕರಾರಿನ ಮೇಲೆ ದೂರು ಬಂದಿತ್ತು. 2021ರ ಜೂನ್‌ನಲ್ಲಿ ತನಿಖೆಗೆ ಆದೇಶವಾಯಿತು. ಕೊನೆಗೆ ಗೂಗಲ್ 20.24 ಕೋಟಿ ರೂಪಾಯಿ ಕೊಟ್ಟು ಇತ್ಯರ್ಥ ಮಾಡಿಕೊಂಡಿತು. ಪ್ಲೇ ಸ್ಟೋರನ್ನು ಬಿಡಿಯಾಗಿ, ಶುಲ್ಕಕ್ಕೆ ಕೊಡಲು ಒಪ್ಪಿತು. ಈ ಏರ್ಪಾಡು ಐದು ವರ್ಷಕ್ಕೆ. ಒಳ್ಳೆಯದೇ. ಆದರೆ ಇದರಿಂದ ಬಿಡುಗಡೆ ಸಿಕ್ಕಿದ್ದು ಟಿವಿ ತಯಾರಕರಿಗೆ. ಟಿವಿ ಕೊಂಡವನಿಗೆ ಇಷ್ಟು ವರ್ಷ ಆಪ್ ನಡೆಯುತ್ತದೆ ಎಂದು ಬರೆದುಕೊಡಬೇಕು ಎಂಬ ಮಾತು ಅದರಲ್ಲಿ ಇಲ್ಲ. ಫ್ಯಾನಿಗೆ, ಗ್ರೈಂಡರಿಗೆ ಗ್ಯಾರಂಟಿ ಕಾರ್ಡ್ ಕೇಳುವ ನಾವು ಇದಕ್ಕೂ ಕೇಳುವಂತಾಗಬೇಕಿತ್ತು.

ಈ ಭಾಗದ ಜನರಿಗೆ ಇದನ್ನು ವಿವರಿಸುವುದು ಸುಲಭ. ಹುಕ್ಕೇರಿಯಲ್ಲಿ ವಿದ್ಯುತ್ ಹಂಚುವುದು ಸರಕಾರಿ ಕಂಪೆನಿ ಅಲ್ಲ, 1969ರಲ್ಲಿ ಶುರುವಾದ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ. ರಾಜ್ಯದಲ್ಲಿ ಇಂಥದ್ದು ಇದೊಂದೇ. ಸದಸ್ಯರಿಗೆ ಮತ ಇದೆ, ಚುನಾವಣೆ ಇದೆ, ಕರೆಂಟ್ ಹೋದರೆ ಹೋಗಿ ಕೇಳಲು ಒಂದು ಕಚೇರಿ ಇದೆ. ಆ ತಂತಿಯಲ್ಲಿ ಬರುವ ಕರೆಂಟ್ ಮಿಕ್ಸಿಗೆ ಹೋಗುತ್ತದೋ ಟಿವಿಗೆ ಹೋಗುತ್ತದೋ ಎಂದು ಯಾರೂ ನೋಡುವುದಿಲ್ಲ. ಅದೇ ಟಿವಿಯೊಳಗೆ ವಿಡಿಯೊ ತರುವ ಇನ್ನೊಂದು ತಂತಿಯ ತುದಿಯಲ್ಲಿ ಇರುವವರಿಗೆ ನಾವು ಸದಸ್ಯರೂ ಅಲ್ಲ, ಮತದಾರರೂ ಅಲ್ಲ. ಮತ್ತು ಅವರು ಎಲ್ಲವನ್ನೂ ನೋಡುತ್ತಾರೆ. ಅಮೆರಿಕದ ವಿಜಿಯೊ ಎಂಬ ಟಿವಿ ಕಂಪೆನಿ 1.1 ಕೋಟಿ ಟಿವಿಗಳಲ್ಲಿ ಪರದೆಯ ಮೇಲೆ ಏನು ಬರುತ್ತಿದೆ ಎಂದು ಗುರುತಿಸಿ, ಡಿವಿಡಿ ಹಾಕಿದರೂ ಬಿಡದೆ, ಒಪ್ಪಿಗೆ ಇಲ್ಲದೆ ಮಾಹಿತಿ ಸಂಗ್ರಹಿಸಿ ಮಾರಿತ್ತು. 2017ರಲ್ಲಿ 22 ಲಕ್ಷ ಡಾಲರ್ ಕಟ್ಟಬೇಕಾಯಿತು. ಇಂಥ ವ್ಯವಸ್ಥೆ ನಮ್ಮ ಮನೆಯ ಟಿವಿಗಳಲ್ಲೂ ಇರಬಹುದು. ಸ್ಯಾಮ್‌ಸಂಗ್‌ನಲ್ಲಿ 'ವ್ಯೂಯಿಂಗ್ ಇನ್ಫರ್ಮೇಶನ್ ಸರ್ವೀಸಸ್', ಎಲ್‌ಜಿಯಲ್ಲಿ 'ಲೈವ್ ಪ್ಲಸ್' ಎಂಬ ಹೆಸರಿನಲ್ಲಿ ಸೆಟ್ಟಿಂಗ್ಸ್ ಒಳಗೆ ಕುಳಿತಿರುತ್ತದೆ. ಟಿಕ್ ತೆಗೆದರೆ ಟಿವಿಗೇನೂ ತೊಂದರೆ ಇಲ್ಲ.

ಇನ್ನು ನಮ್ಮವರ ಮನೆಗಳಲ್ಲಿ ವಿಶೇಷವಾಗಿ ಹೇಳಬೇಕಾದದ್ದು ಗಲ್ಫ್‌ನಿಂದ ಬರುವ ಬಾಕ್ಸ್‌ಗಳ ಬಗ್ಗೆ. ರಜೆಗೆ ಬರುವಾಗ ಸೂಟ್‌ಕೇಸಿನ ಮೂಲೆಯಲ್ಲಿ ಹಿಡಿಯುವಷ್ಟು ಚಿಕ್ಕದು, ಬೆಲೆಯೂ ಕಡಿಮೆ, 'ಎಲ್ಲ ಚಾನೆಲ್ ಫ್ರೀ' ಎಂದು ಅಂಗಡಿಯವನು ಹೇಳಿರುತ್ತಾನೆ. ಊರಿಗೆ ತಂದವರಿಗೂ ಖುಷಿ, ಮನೆಯವರಿಗೂ ಖುಷಿ. ಆದರೆ ಹೆಸರಿಲ್ಲದ ಈ ಬಾಕ್ಸ್‌ಗಳ ಚರಿತ್ರೆ ಚೆನ್ನಾಗಿಲ್ಲ. 2024ರ ಸೆಪ್ಟೆಂಬರ್‌ನಲ್ಲಿ ಡಾಕ್ಟರ್ ವೆಬ್ ಎಂಬ ಭದ್ರತಾ ಸಂಸ್ಥೆ 197 ದೇಶಗಳಲ್ಲಿ ಸುಮಾರು 13 ಲಕ್ಷ ಆಂಡ್ರಾಯ್ಡ್ ಬಾಕ್ಸ್‌ಗಳೊಳಗೆ ಕಳ್ಳ ಸಾಫ್ಟ್‌ವೇರ್ ಕಂಡುಹಿಡಿಯಿತು. 2025ರ ಜೂನ್‌ನಲ್ಲಿ ಅಮೆರಿಕದ ಎಫ್‌ಬಿಐ 'ಬ್ಯಾಡ್‌ಬಾಕ್ಸ್ 2.0' ಎಂಬ ಜಾಲದ ಬಗ್ಗೆ ಎಚ್ಚರಿಸಿತು. ಟಿವಿ ಬಾಕ್ಸ್, ಪ್ರೊಜೆಕ್ಟರ್‌ಗಳು ಅಂಗಡಿಗೆ ಬರುವ ಮೊದಲೇ ಕೆಟ್ಟಿರುತ್ತವೆ, ಇಲ್ಲವೇ ಮೊದಲ ಬಾರಿ ಆಪ್ ಹಾಕಿಕೊಳ್ಳುವಾಗ ಕೆಡುತ್ತವೆ. ಜುಲೈಯಲ್ಲಿ ಗೂಗಲ್ ಅದೇ ಜಾಲದ ಮೇಲೆ ಮೊಕದ್ದಮೆ ಹೂಡಿದಾಗ ಕೊಟ್ಟ ಲೆಕ್ಕ ಒಂದು ಕೋಟಿಗೂ ಹೆಚ್ಚು ಯಂತ್ರಗಳು.

ಇದರಿಂದ ನಮಗೇನು ಎಂದು ಕೇಳಬಹುದು. ಆ ಬಾಕ್ಸ್ ಸಿನಿಮಾ ತೋರಿಸುತ್ತಲೇ ಇರುತ್ತದೆ. ಹಿಂದಿನಿಂದ ನಮ್ಮ ಮನೆಯ ಇಂಟರ್ನೆಟ್ ವಿಳಾಸವನ್ನು ಬೇರೆಯವರಿಗೆ ಬಾಡಿಗೆಗೆ ಕೊಡುತ್ತದೆ. ಎಲ್ಲೋ ಕುಳಿತ ವಂಚಕ ನಮ್ಮ ವಿಳಾಸದಿಂದ ವಂಚನೆ ಮಾಡಿದರೆ ತನಿಖೆಯವರಿಗೆ ಮೊದಲು ಕಾಣುವುದು ನಮ್ಮ ಮನೆಯ ಸಂಪರ್ಕ. ಈ ಕಾಲದಲ್ಲಿ ಅದೆಂಥ ತಲೆನೋವು ಎಂದು ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಗುರುತು ಹಿಡಿಯುವುದು ಕಷ್ಟವಲ್ಲ. ಕಂಪೆನಿಯ ಹೆಸರು ಕೇಳಿದ್ದಿಲ್ಲ, ಹಣ ಕಟ್ಟಿ ನೋಡುವುದೆಲ್ಲ ಪುಕ್ಕಟೆ ಎನ್ನುತ್ತದೆ, ಪ್ಲೇ ಪ್ರೊಟೆಕ್ಟ್ ಆಫ್ ಮಾಡು ಎಂದು ಕೇಳುತ್ತದೆ ಎಂದಾದರೆ ಅದನ್ನು ವೈಫೈಯಿಂದ ಕಳಚಿಡುವುದೇ ಒಳ್ಳೆಯದು. ತಂದುಕೊಟ್ಟ ಮಾವನಿಗೆ ಬೇಸರವಾದೀತು, ಆಗಲಿ.

ಫೈಬರ್ ಬಾರದ ಮನೆಗಳಲ್ಲಿ ಮೊಬೈಲ್ ಹಾಟ್‌ಸ್ಪಾಟ್‌ನಿಂದ ಟಿವಿ ಓಡಿಸುತ್ತಾರೆ. ನೆಟ್‌ಫ್ಲಿಕ್ಸ್‌ನವರದ್ದೇ ಲೆಕ್ಕದಂತೆ ಎಚ್‌ಡಿ ವಿಡಿಯೊ ಗಂಟೆಗೆ 3 ಜಿಬಿವರೆಗೆ ನುಂಗುತ್ತದೆ, ಸಾಧಾರಣ ಗುಣಮಟ್ಟದ್ದು 1 ಜಿಬಿವರೆಗೆ. ದಿನಕ್ಕೆ 2 ಜಿಬಿ ಪ್ಯಾಕ್ ಇದ್ದವರು ವಿಡಿಯೊದ ಕ್ವಾಲಿಟಿ ಇಳಿಸಿಕೊಳ್ಳದಿದ್ದರೆ ಸಂಜೆ ಮಕ್ಕಳ ಓದಿಗೆ ನೆಟ್ ಉಳಿಯುವುದಿಲ್ಲ.

ಇಷ್ಟೆಲ್ಲ ಹೇಳಿದ ಮೇಲೆ ಟಿವಿಯನ್ನೇ ಎತ್ತಿ ಹೊರಗೆ ಹಾಕಿ ಎನ್ನುವವರ ಜೊತೆ ನಾವಿಲ್ಲ. ಬ್ಯಾರಿ ಭಾಷೆಗೆ ಸಾಹಿತ್ಯ ಅಕಾಡೆಮಿ ಬಂದದ್ದು 2009ರಲ್ಲಿ. 'ಬ್ಯಾರಿ' ಸಿನಿಮಾಕ್ಕೆ 2011ರ ಅತ್ಯುತ್ತಮ ಚಿತ್ರವೆಂಬ ರಾಷ್ಟ್ರ ಪ್ರಶಸ್ತಿ, ಮರಾಠಿಯ 'ದೇವೂಳ್' ಜೊತೆ ಹಂಚಿಕೊಂಡು, ಸಿಕ್ಕಿತು. ಆದರೂ ನಮ್ಮ ಭಾಷೆಗೆ ಪೂರ್ಣಾವಧಿಯ ಒಂದು ಉಪಗ್ರಹ ಚಾನೆಲ್ ಇಲ್ಲ. ಕೇಬಲ್ ಕಾಲದಲ್ಲಿ ಹಾಲ್‌ನ ಟಿವಿ ಎಲ್ಲ ಭಾಷೆ ಮಾತಾಡುತ್ತಿತ್ತು, ಮನೆಯ ಭಾಷೆ ಬಿಟ್ಟು. ಈಗ ಘಟ್ಟದ ಮೇಲೆ, ಹಿಡಕಲ್‌ನಂಥ ಊರಲ್ಲಿ ಬೆಳೆಯುವ ಮಗುವೂ ಟಿವಿಯಲ್ಲಿ ಬ್ಯಾರಿ ಹಾಡು, ಬ್ಯಾರಿ ಹಾಸ್ಯ, ಬ್ಯಾರಿ ಮಾತು ಕೇಳುತ್ತದೆ. ಉಮ್ಮ ಅಡುಗೆಮನೆಯಿಂದಲೇ ನಗುತ್ತಾರೆ. ಇದು ಸಣ್ಣ ಸಂಗತಿ ಅಲ್ಲ.

ಅದರ ಹಿಂದೆಯೇ ಬರುವ ಮುಂದಿನ ವಿಡಿಯೊ ಯಾವುದು ಎಂಬುದೇ ಸಮಸ್ಯೆ. 2021ರ ಐಟಿ ನಿಯಮಗಳು ಒಟಿಟಿಯವರಿಗೆ ವಯಸ್ಸಿನ ವರ್ಗೀಕರಣ ಕಡ್ಡಾಯ ಮಾಡಿವೆ. 13 ವರ್ಷಕ್ಕಿಂತ ಮೇಲ್ಪಟ್ಟವರ ವರ್ಗದ್ದಕ್ಕೆ ಪಾಲಕರ ಬೀಗ ಇರಬೇಕು. ಆದರೆ ಯೂಟ್ಯೂಬ್‌ಗೆ ಯಾರೋ ಹಾಕುವ ಸಾಮಾನ್ಯ ವಿಡಿಯೊಗೆ ಆ ವರ್ಗೀಕರಣ ಇಲ್ಲ. ಆಸ್ಟ್ರೇಲಿಯ 2025ರ ಡಿಸೆಂಬರ್ 10ರಿಂದ 16 ತುಂಬದವರ ಖಾತೆಗಳನ್ನು ನಿಷೇಧಿಸಿತು, ಯೂಟ್ಯೂಬನ್ನೂ ಸೇರಿಸಿ. ಅಲ್ಲಿಯೂ ಖಾತೆ ಇಲ್ಲದೆ ನೋಡುವುದಕ್ಕೆ ಅಡ್ಡಿ ಇಲ್ಲ. ನಮ್ಮಲ್ಲಿ 2023ರ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆಯ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು. 18 ತುಂಬದ ಮಕ್ಕಳ ಮಾಹಿತಿಗೆ ತಂದೆತಾಯಿಯ ಖಚಿತ ಒಪ್ಪಿಗೆ ಬೇಕು, ಮಕ್ಕಳ ಬೆನ್ನು ಹತ್ತಿ ಜಾಹೀರಾತು ತೋರಿಸಬಾರದು ಎಂದು ಕಾಯ್ದೆ ಹೇಳುತ್ತದೆ. ಇದು ಪೂರ್ತಿ ಜಾರಿಗೆ ಬರುವುದು 2027ರಲ್ಲಿ.

ಈ ಕಾನೂನುಗಳೆಲ್ಲ ಒಬ್ಬರಿಗೆ ಒಂದು ಖಾತೆ ಎಂದು ಭಾವಿಸಿ ಬರೆದವು. ಹಾಲ್‌ನ ಟಿವಿ ಹಾಗಲ್ಲವಲ್ಲ. ಅದರಲ್ಲಿ ಲಾಗಿನ್ ಆಗಿರುವುದು ದುಬೈಯಲ್ಲಿರುವ ಅಣ್ಣನ ಜಿಮೇಲ್. ಟಿವಿಯ ಲೆಕ್ಕದಲ್ಲಿ ನೋಡುತ್ತಿರುವವನು ನಲವತ್ತು ವರ್ಷದ ಗಂಡಸು. ನಿಜವಾಗಿ ನೋಡುತ್ತಿರುವುದು ಮೂರನೇ ಕ್ಲಾಸಿನ ಹುಡುಗಿ, ಪಕ್ಕದಲ್ಲಿ ಅವಳ ಅಜ್ಜಿ. ಇರುವ ಮಗುವನ್ನೇ ಕಾಣದ ಯಂತ್ರ ಒಪ್ಪಿಗೆಯನ್ನು ಯಾರಲ್ಲಿ ಕೇಳುತ್ತದೆ? ಟಿವಿಯ ಯೂಟ್ಯೂಬ್ ಕಿಡ್ಸ್ ಎಂಬ ಬೇರೆ ಆಪ್ 2024ರಲ್ಲಿ ನಿಂತು, ಈಗ ಅದು ಮುಖ್ಯ ಯೂಟ್ಯೂಬ್ ಆಪ್‌ನೊಳಗೇ ಮಕ್ಕಳ ಪ್ರೊಫೈಲ್ ಆಗಿ ಸೇರಿದೆ. ಅದನ್ನು ತೆರೆಯಲು ತಂದೆ ಅಥವಾ ತಾಯಿಯ ಖಾತೆ ಬೇಕು. ಹಾಗಾಗಿ ಅಣ್ಣನ ಜಿಮೇಲ್ ತೆಗೆದು ಮನೆಯಲ್ಲೇ ಇರುವವರದ್ದು ಹಾಕಿ, ಮಗುವಿಗೊಂದು ಪ್ರೊಫೈಲ್ ಮಾಡಿ, ತಾನಾಗಿ ಮುಂದಿನ ವಿಡಿಯೊ ಓಡುವ ಆಟೊಪ್ಲೇಯನ್ನು ಆಫ್ ಮಾಡುವುದು ಒಂದು ಸಂಜೆಯ ಕೆಲಸ. ಮಕ್ಕಳ ಪ್ರೊಫೈಲ್‌ನಲ್ಲಿ ಬ್ಯಾರಿ ಹಾಡುಗಳು ಅಷ್ಟಾಗಿ ಸಿಗಲಿಕ್ಕಿಲ್ಲ. ಅದನ್ನು ದೊಡ್ಡವರ ಪ್ರೊಫೈಲ್‌ನಲ್ಲಿ, ದೊಡ್ಡವರು ಜೊತೆಯಲ್ಲಿ ಕುಳಿತಾಗ ಹಾಕಿ ಕೊಡಬಹುದು.