ಉಕ್ಕನ್ನು ಕೊರೆಯುವ ಗುಳ್ಳೆ

ಜತ್ತ ತಾಲೂಕಿನ ಪೂರ್ವಭಾಗದಲ್ಲಿರುವ ನಮ್ಮ ಬಂಧುಗಳೊಬ್ಬರು ಒಣದ್ರಾಕ್ಷಿ ತೊಳೆಯುವ ಸಣ್ಣ ಕಾರಖಾನೆಯೊಂದನ್ನು ನಡೆಸುತ್ತಾರೆ. ತಿನ್ನುವ ಪದಾರ್ಥಕ್ಕೆ ತುಕ್ಕು ತಾಗಬಾರದೆಂದು ಸಾಲ ಮಾಡಿ ಸ್ಟೇನ್‌ಲೆಸ್ ಸ್ಟೀಲಿನ ಪೈಪು ಹಾಕಿಸಿದ್ದರು. ಎರಡು ವರ್ಷ ತುಂಬುವ ಮೊದಲೇ ಅದು ತೂತು ಬಿದ್ದಿತು. ಬದಲಿಸಿದ ತುಂಡೂ ಅದೇ ಜಾಗದಲ್ಲಿ ತೂತಾಯಿತು. ಬೇಸಗೆಯಲ್ಲಿ ಟ್ಯಾಂಕರಿನ ಹಾದಿ ಕಾಯುವ ಸೀಮೆಯಲ್ಲಿ ನೀರು ಹೀಗೆ ಮಣ್ಣುಪಾಲಾಗುವ ಸಂಕಟವನ್ನು ಓದುಗ ಬಂಧುಗಳಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಮಾರಿದವನು ಕಳಪೆ ಮಾಲು ಕೊಟ್ಟನೆಂದು ಮನೆಯವರೆಲ್ಲ ಬೈದರು, ನಾವೂ ದನಿಗೂಡಿಸಿದೆವು. ಅಷ್ಟರಲ್ಲಿ ಅಲ್ಲಿಗೆ ಬಂದವರು, ನೀರು ಸರಬರಾಜಿನ ಕೆಲಸದಿಂದ ನಿವೃತ್ತರಾದ ಹಿರಿಯರೊಬ್ಬರು.

"ಕಾಕಾ, ಬೋರಿನ ನೀರು ಸವಳು. ಅದಕ್ಕ ತಿಂದದ ನೋಡ್ರಿ," ಎಂದರು ನಮ್ಮ ಬಂಧು.

"ಸವಳು ತಿಂದರ ಪೈಪಿನ ತುಂಬ ಅಲ್ಲಲ್ಲಿ ತಿನ್ನಬೇಕಲ್ಲೋ ತಮ್ಮಾ. ವಾಲ್ವಿನ ಮುಂದ ಒಂದು ಗೇಣಿನಾಗ ಅಷ್ಟ ಯಾಕ ತಿಂದದ?"

ವಾಲ್ವಿಗೆ ಕಿವಿಗೊಡಲು ಹೇಳಿದರು. ಒಳಗೆ ಗರಸು ಉರುಳಿದಂತೆ ಸದ್ದು! ಕೊಯ್ದು ತೆಗೆದಿದ್ದ ತುಂಡಿನ ಒಳಮೈ ಗೆದ್ದಲು ಹಿಡಿದ ಮರದಂತೆ ಒರಟಾಗಿತ್ತು.

ನೀರು ಕುದಿಯಲು ಬೆಂಕಿಯೇ ಬೇಕೆಂದಿಲ್ಲ. ಒತ್ತಡವು ವಾಯುಮಂಡಲದ ಒತ್ತಡದ ಸುಮಾರು 24ರಲ್ಲಿ ಒಂದು ಭಾಗಕ್ಕೆ ಇಳಿದರೆ, 30 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ನೀರೂ ಕುದಿದು ಆವಿಯ ಗುಳ್ಳೆಗಳನ್ನು ಬಿಡುತ್ತದೆ. ಅರ್ಧ ಮುಚ್ಚಿದ ವಾಲ್ವಿನ ಸಂದಿಯಲ್ಲಿ ನೀರು ನುಗ್ಗುವಾಗ ವೇಗ ಏರಿ ಒತ್ತಡ ಕುಸಿಯುವುದರಿಂದ ಆಗುವುದು ಇದೇ. ಸಂದಿ ದಾಟಿದೊಡನೆ ಒತ್ತಡ ಮರಳುತ್ತದೆ, ಗುಳ್ಳೆಗಳು ಕ್ಷಣಾರ್ಧದಲ್ಲಿ ಒಳಕ್ಕೆ ಕುಸಿಯುತ್ತವೆ. ಗೋಡೆಯ ಬಳಿ ಕುಸಿದ ಗುಳ್ಳೆಯಿಂದ ಹೊಮ್ಮುವ ನೀರಿನ ಸೂಜಿಮೊನೆಯಂಥ ಸೆಲೆ ಲೋಹವನ್ನು ಕುಟ್ಟುತ್ತದೆ. ಇಂಥ ಲಕ್ಷಾಂತರ ಪೆಟ್ಟುಗಳಿಗೆ ಉಕ್ಕು ದಣಿದು ಉದುರುತ್ತದೆ. ಸ್ಟೇನ್‌ಲೆಸ್ ಸ್ಟೀಲನ್ನು ಕಾಯುವುದು ಅದರ ಮೇಲಿನ ಕ್ರೋಮಿಯಂ ಆಕ್ಸೈಡಿನ ಅತಿ ತೆಳು ಪೊರೆ. ಆ ಪೊರೆ ಕಿತ್ತ ಕಡೆ ಸವಳೂ ಕೈಜೋಡಿಸುವುದುಂಟು. ಆದುದರಿಂದ ನಮ್ಮ ಬಂಧುವಿನ ಮಾತು ಪೂರ್ತಿ ಸುಳ್ಳೇನಲ್ಲ.

ಇದಕ್ಕೆ ಕ್ಯಾವಿಟೇಷನ್ ಎಂದು ಹೆಸರು. 1890ರ ದಶಕದಲ್ಲಿ ಇಂಗ್ಲೆಂಡಿನ 'ಡೇರಿಂಗ್' ಎಂಬ ಯುದ್ಧನೌಕೆಯ ಪರೀಕ್ಷೆಯಲ್ಲಿ ಈ ಗುಳ್ಳೆಗಳ ಕಾಟ ಗಮನಕ್ಕೆ ಬಂದಿತು. ಕುಸಿಯುವ ಗುಳ್ಳೆಯ ಒತ್ತಡವನ್ನು 1917ರಲ್ಲಿ ಲಾರ್ಡ್ ರೇಲಿ ಲೆಕ್ಕ ಹಾಕಿದರು. 1983ರಲ್ಲಿ ಅಮೆರಿಕದ ಗ್ಲೆನ್ ಕ್ಯಾನಿಯನ್ ಅಣೆಕಟ್ಟಿನ ಕೋಡಿ ಸುರಂಗದಲ್ಲಿ ಇದೇ ಗುಳ್ಳೆಗಳಿಂದ ಆರಂಭವಾದ ಕೊರೆತ ಕಾಂಕ್ರೀಟನ್ನೂ ಕೆಳಗಿನ ಬಂಡೆಯನ್ನೂ ಸುಮಾರು 10 ಮೀಟರ್ ಆಳಕ್ಕೆ ತೋಡಿತ್ತು. ಮ್ಹೈಸಾಳದಿಂದ ಕೃಷ್ಣೆಯ ನೀರನ್ನು ಹಂತಹಂತವಾಗಿ ಮೇಲೆತ್ತುವಂಥ ಯೋಜನೆಗಳಲ್ಲಿಯೂ ಪಂಪಿನ ಬಾಯಿಗೆ ಸಾಕಷ್ಟು ನೀರಿನ ಒತ್ತಡ ಉಳಿಯುವಂತೆ ಲೆಕ್ಕ ಹಾಕುವುದು ಈ ಭಯಕ್ಕೇ.

ಹಾಗಾದರೆ ವಾಲ್ವನ್ನು ಅರ್ಧ ಮುಚ್ಚಿದ್ದೇಕೆ? ಬರಗಾಲದಲ್ಲಿ ನೀರು ಪಾತಾಳಕ್ಕೆ ಇಳಿದಿದ್ದಾಗ ತಂದ ಪಂಪು ಅದು. ಆಮೇಲೆ ಬೋರಿನಲ್ಲಿ ನೀರು ಮೇಲೇರಿತು. ಪಂಪಿನ ಶಕ್ತಿ ಹೆಚ್ಚಾಗಿ ತೊಟ್ಟಿ ತುಂಬಿ ಚೆಲ್ಲತೊಡಗಿತು. ವಾಲ್ವು ತಿರುಗಿಸುವುದೇ ಎಲ್ಲರಿಗೂ ಹೊಳೆಯುವ ಉಪಾಯ. ನಾವಾದರೂ ಅದನ್ನೇ ಮಾಡುತ್ತಿದ್ದೆವು. ಹಿರಿಯರು ಪಂಪನ್ನು ಮೇಲೆತ್ತಿಸಿ, ಒಳಗೆ ಒಂದರ ಮೇಲೊಂದು ಜೋಡಿಸಿದ ಇಂಪೆಲ್ಲರುಗಳಲ್ಲಿ ಕೆಲವನ್ನು ತೆಗೆಸಿದರು. ಈಗ ವಾಲ್ವು ಪೂರ್ತಿ ತೆರೆದೇ ಇರುತ್ತದೆ. ಗರಸಿನ ಸದ್ದಿಲ್ಲ, ವಿದ್ಯುತ್ ಬಿಲ್ಲೂ ಇಳಿದಿದೆ. ಮೂರನೆಯ ಬಾರಿಗೆಂದು ತಂದಿಟ್ಟಿದ್ದ ಪೈಪಿನ ತುಂಡು ಇನ್ನೂ ಅಟ್ಟದ ಮೇಲಿದೆ. ಪೈಪು ಮಾರಿದವನನ್ನು ಮಾತ್ರ ಆ ಮನೆಯವರು ಇಂದಿಗೂ ಬೈಯುತ್ತಲೇ ಇದ್ದಾರೆ.